ಗಿರಿಜಮ್ಮನ ಕಲ್ಲು

ನನ್ನ ಹೆಂಡತಿ ಗಿರಿಜ ಬಸ್ಸು ಬೇಡವೆಂದು ಹಟ ಹಿಡಿದು ಸತ್ತವಳಲ್ಲ. ಬಸ್ಸು ಹತ್ತಿಸಿ ಎಂದು ನನ್ನ ಕೈ ಹಿಡಿದು ಬೇಡಿಕೊಂಡವಳು. ಹತ್ತಿಸದೆ ಹೋದವನು ನಾನು. ಅವಳೇ ಒಪ್ಪಲಿಲ್ಲ ಎಂದು ಆಮೇಲೆ ಊರಿಗೆಲ್ಲ ಹೇಳಿದವನೂ ನಾನೇ.

ಇಷ್ಟೇ ಇದ್ದದ್ದು. ಇದನ್ನು ಹೇಳಲಾರದೆ ನನ್ನ ಪ್ರಾಯವೆಲ್ಲ ಕಳೆದುಹೋಯಿತು — ಕಳೆದುಹೋಯಿತು ಎನ್ನುವುದೂ ಜಾಣತನದ ಮಾತೇ, ನಾನೇ ಕಳೆದೆ. ಗುಬ್ಬಿಯ ಕಡೆಯಿಂದ ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಹುತ್ರಿದುರ್ಗದ ಬುಡದಲ್ಲಿ ಒಂದು ಕಲ್ಲಿನ ಮುಂದೆ ನಿಂತು ಕೈಮುಗಿಯುತ್ತಾರೆ. ಗಿರಿಜಮ್ಮನ ಕಲ್ಲು ಎನ್ನುತ್ತಾರೆ ಅದನ್ನು. ಇನ್ನು ನನ್ನ ಕೈಲಾಗದು ಎನ್ನುವ ಹೆಂಗಸರನ್ನು ಅಲ್ಲಿ ಕೂರಿಸಿ ಅವಳ ಕತೆ ಹೇಳುತ್ತಾರೆ. ಕಾಲು ಬೊಬ್ಬೆ ಬಂದವರು, ಜ್ವರ ಬಂದವರು ಆ ಕತೆ ಕೇಳಿ ಕಣ್ಣೊರೆಸಿಕೊಂಡು ಮತ್ತೆ ಎದ್ದು ನಡೆಯುತ್ತಾರೆ. ಆ ಕತೆ ಕಟ್ಟಿದ್ದು ನಾನು.

ನಾನು ಅಂಥ ದೊಡ್ಡ ಮನುಷ್ಯನೇನಲ್ಲ. ತುಮಕೂರಿನ ಶಿರಾ ಗೇಟ್ ಹತ್ತಿರ ಸೈಕಲ್ ಶಾಪ್ ಇಟ್ಟುಕೊಂಡವನು. ಮನೆ ಗುಬ್ಬಿಯಲ್ಲಿ. ಬೆಳಗಾದರೆ ಪಂಕ್ಚರ್ ಹಾಕುವುದು, ಬಾಡಿಗೆ ಸೈಕಲ್ ಕೊಡುವುದು. ಸಂಜೆಯಾದರೆ ಗುಬ್ಬಿಯ ಬಸ್ಸಿಗೆ ನೇತಾಡುವುದು. ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ಟೈಫಾಯ್ಡ್ ಆಯಿತು. ತಲೆಗೂದಲೆಲ್ಲ ಉದುರಿ, ಎಚ್ಚರ ತಪ್ಪಿ, ಇನ್ನೇನು ಮುಗಿಯಿತು ಎಂದು ನೆಂಟರೆಲ್ಲ ಬಂದು ನೋಡಿಕೊಂಡು ಹೋದರಂತೆ. ಗಿರಿಜ ದೇವರ ಗೂಡಿನ ಮುಂದೆ ಕೂತು ಹರಕೆ ಹೊತ್ತಳು — ಇವರು ಉಳಿದರೆ ಬರುವ ಶಿವರಾತ್ರಿಗೆ ಗಂಡ ಹೆಂಡತಿ ಇಬ್ಬರೂ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಬರುತ್ತೇವೆ ಎಂದು. ನಾನು ಉಳಿದೆ. ಹರಕೆ ಅವಳದು, ಉಳಿದ ಜೀವ ನನ್ನದು. ಕುಣಿಗಲ್ಲಿನಲ್ಲಿ ನನಗೆ ನೆನಪಾಗಬೇಕಿದ್ದದ್ದು ಇದೊಂದೇ, ಆಗಲಿಲ್ಲ.

ನಮ್ಮ ಕಡೆಯಿಂದ ಶಿವರಾತ್ರಿಗೆ ಒಂದು ತಂಡ ಹೊರಡುತ್ತಿತ್ತು. ತಂಡದ ಮುಂದೆ ಬೆಳ್ಳಿ ಕಟ್ಟು ಹಾಕಿದ ಒಂದು ಬೆತ್ತ. ಅದನ್ನು ಹಿಡಿದವನ ಮನೆಗೆ ವರ್ಷವಿಡೀ ಮರ್ಯಾದೆ — ಮದುವೆಯಿರಲಿ, ನಾಮಕರಣವಿರಲಿ, ಮೊದಲ ವೀಳ್ಯ ಬೆತ್ತದ ಮನೆಗೆ. ಬಹಳ ಕಾಲ ಅದನ್ನು ಹಿಡಿದಿದ್ದ ಹಿರಿಯರು ನಂಜಪ್ಪಣ್ಣ. ಅವರಿಗೆ ಮಂಡಿ ಸೋತು ನಡೆಯುವುದು ಕಷ್ಟವಾಗಿತ್ತು. ಸತ್ತು ಬದುಕಿದವನು, ಮಾದಪ್ಪನೇ ಉಳಿಸಿಕೊಂಡವನು ಎಂದು ಆ ವರ್ಷ ಬೆತ್ತವನ್ನು ನನ್ನ ಕೈಗೆ ಕೊಟ್ಟು ತಾವು ಹಿಂದೆ ಕುಂಟುತ್ತ ಬಂದರು. ಬೆತ್ತಕ್ಕೆ ಒಂದು ಕಟ್ಟಳೆಯಿತ್ತು. ಬೇರೆ ಯಾರೇ ಸೋತರೂ ಬಸ್ಸು ಹತ್ತಿ ಮನೆಗೆ ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೆ ಬೆತ್ತದ ಮನೆಯವರ ಕಾಲು ನೆಲ ಬಿಡಬಾರದು. ಬಿಟ್ಟರೆ ಬೆತ್ತ ಅಲ್ಲಿಯೇ, ಆ ಕ್ಷಣವೇ, ಬೇರೆ ಮನೆಗೆ ಹೋಗಬೇಕು. ಪಂಕ್ಚರ್ ಹಾಕುವವನಿಗೆ ಅಂಥದೊಂದು ಮರ್ಯಾದೆ ಮೊದಲ ಸಲ ಸಿಕ್ಕಿತ್ತು. ಅದನ್ನು ಹಿಡಿದಾಗ ನನ್ನ ನಡಿಗೆಯೇ ಬದಲಾಯಿತು ಎಂದು ಗಿರಿಜ ನಗುತ್ತಿದ್ದಳು.

ಮಗಳು ಮಂಗಳ ಆಗ ಚಿಕ್ಕವಳು, ಸ್ಕೂಲಿಗೆ ಹೋಗುತ್ತಿದ್ದಳು. ಅವಳನ್ನು ಅಜ್ಜಿಯ, ಎಂದರೆ ಗಿರಿಜಳ ತಾಯಿಯ ಹತ್ತಿರ ಬಿಟ್ಟು ಹೊರಟೆವು. ಸಿ.ಎಸ್. ಪುರದವರೆಗೆ ಗಿರಿಜಳ ಬಾಯಿಗೆ ಬಿಡುವಿಲ್ಲ. "ಬೇರೆಯೋರಿಗೆಲ್ಲ ಸೈಕಲ್ ಕೊಟ್ಟು ತಾವು ನಡ್ಕೊಂಡ್ ಹೋಗ್ತಾವ್ರೆ ನೋಡ್ರಮ್ಮ ಸಾಹುಕಾರ್ರು" ಎಂದು ಹೆಂಗಸರನ್ನೆಲ್ಲ ನಗಿಸಿದಳು. ನಾನು ಬೆತ್ತದವನು, ನಗಬಾರದು ಎಂದು ಮುಖ ಬಿಗಿದುಕೊಂಡಿದ್ದೆ. ನಗಬಹುದಿತ್ತು. ಅವಳ ಜೊತೆ ನಗುವುದಕ್ಕೆ ಇನ್ನು ಎಷ್ಟು ಹೊತ್ತು ಉಳಿದಿತ್ತು ಎಂದು —

ಸಿ.ಎಸ್. ಪುರ ಬಿಟ್ಟ ಮೇಲೆ ಅವಳು ಸುಮ್ಮನಾದಳು. ಹೊಟ್ಟೆ ಹಿಡಿದಂತಾಗುತ್ತಿದೆ ಎಂದಳು. ಬಿಸಿಲು, ಪಿತ್ತ ಕೆದರಿದೆ ಎಂದು ಮಜ್ಜಿಗೆ ಕುಡಿಸಿದೆ, ವಾಂತಿಯಾಯಿತು. ಮೊದಲು ಹೊಕ್ಕುಳ ಸುತ್ತ ಇದ್ದ ನೋವು ಬಲಗಡೆಗೆ ಇಳಿಯಿತು. ಸೆರಗನ್ನು ಅಲ್ಲಿ ಒತ್ತಿಕೊಂಡು, ಸ್ವಲ್ಪ ಬಗ್ಗಿಕೊಂಡು ನಡೆಯತೊಡಗಿದಳು. ನಾನು ಅವಳ ಹಣೆ ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಜ್ವರ ತಿಳಿಯುತ್ತಿತ್ತು. ತಿಳಿದರೆ ಏನಾದರೂ ಮಾಡಬೇಕಾಗುತ್ತಿತ್ತು. ಅದಕ್ಕೇ ಮುಟ್ಟಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕುಣಿಗಲ್ ತಲುಪಿದಾಗ ತಂಡದವರು ಮುಂದೆ ಕೆರೆ ಏರಿಯ ಕಡೆ ಹೋಗಿ ಕುಳಿತಿದ್ದರು. ನಾವಿಬ್ಬರೇ ಹಿಂದೆ ಉಳಿದಿದ್ದೆವು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೋಡಾ ಅಂಗಡಿ. ಅಂಗಡಿಯ ಸಾಬರು ಗಿರಿಜಳ ಮುಖ ನೋಡಿ ತಾವು ಕೂತಿದ್ದ ಸ್ಟೂಲನ್ನೇ ಎಳೆದು ಕೊಟ್ಟರು. ಅವಳು ಕೂತಳು. ನನ್ನ ಕೈ ಹಿಡಿದುಕೊಂಡಳು. ಬೆತ್ತವಿಲ್ಲದ ಕೈ.

"ರೀ, ನನ್ ಕೈಲಾಗಲ್ಲ. ನನ್ನ ಬಸ್ ಹತ್ಸಿ. ನೀವು ಹೋಗಿ ಬನ್ನಿ, ನಾನೊಬ್ಳೇ ತುಮಕೂರಿಗೆ ಹೋಗಿ ಆಸ್ಪತ್ರೇಲಿ ತೋರಿಸ್ಕೋತೀನಿ. ದಮ್ಮಯ್ಯ ಅಂತೀನಿ."

ನಾನು ಸುತ್ತ ನೋಡಿದೆ. ನಮ್ಮವರು ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದೆ. ಯಾರೂ ಇರಲಿಲ್ಲ. ಸಾಬರು ಮಾತ್ರ ಇದ್ದರು. "ಯಮ್ಮಂಗೆ ಆಗ್ತಾ ಇಲ್ಲ ಸ್ವಾಮಿ. ತುಮಕೂರು ಬಸ್ಸು ಬರ್ತಾ ಐತೆ, ನಾನೇ ನಿಲ್ಲಿಸ್ತೀನಿ" ಎಂದರು. ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ನಿಲ್ಲಿಸಿಯೂ ಬಿಟ್ಟರು. ಕಂಡಕ್ಟರ್ ಬಾಗಿಲು ತೆಗೆದು ನಮ್ಮನ್ನೇ ನೋಡುತ್ತ ನಿಂತ. ಗಿರಿಜ ಸ್ಟೂಲಿನಿಂದ ಎದ್ದಳು. ನಿಜವಾಗಿ ಎದ್ದಳು, ಎರಡು ಹೆಜ್ಜೆ ಇಟ್ಟಳು.

ನಾನು ಅವಳ ರಟ್ಟೆ ಹಿಡಿದೆ. "ಇಷ್ಟು ದೂರ ಬಂದು ನನ್ನ ಮಾನ ಕಳೀತೀಯಾ? ಸುಮ್ನೆ ನಡಿ" ಎಂದೆ. ಆಮೇಲೆ ಕಂಡಕ್ಟರ್ ಕಡೆ ತಿರುಗಿ, ದಿನಾ ಬಸ್ಸಿನಲ್ಲಿ ಓಡಾಡುವವನ ಸಲೀಸಿನಲ್ಲಿ, "ರೈಟ್, ರೈಟ್" ಎಂದೆ.

ಬಸ್ಸು ಹೊರಟಿತು. ಅವಳು ಮತ್ತೆ ಕೇಳಲಿಲ್ಲ. ಜಗಳ ಆಡಲಿಲ್ಲ, ಅಳಲಿಲ್ಲ. ನಾನು ಹೇಳಿದಂತೆ ಸುಮ್ಮನೆ ನಡೆದಳು.

ಹುತ್ರಿದುರ್ಗ ಕಾಣುವ ಹೊತ್ತಿಗೆ ಅವಳಿಗೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ದಾರಿ ಬದಿಯ ಹುಣಸೆಮರದ ಕೆಳಗೆ ಮೊಣಕಾಲನ್ನು ಎದೆಗೆ ಮಡಚಿಕೊಂಡು ಮಲಗಿದಳು. ತಂಡದ ಹೆಂಗಸರು ಸುತ್ತ ಸೇರಿ, ಹೊಟ್ಟೆಗೆ ವಿಭೂತಿ ಹಚ್ಚಿದರು. ನಾನು ಬೆತ್ತವನ್ನು ತಂದು ಅವಳ ಮೈಮೇಲೆ ಇಳಿಸಿದೆ, ಕಣ್ಣು ಮುಚ್ಚಿ ಬೇಡಿಕೊಂಡೆ. ಆಗ ಆ ನೋವು ನಿಂತಿತು. ಥಟ್ಟನೆ, ದೀಪ ಆರಿಸಿದ ಹಾಗೆ. ಅವಳು ಕಣ್ಣು ಬಿಟ್ಟಳು, ಎದ್ದು ಕೂತಳು, ನೀರು ಕೇಳಿ ಕುಡಿದಳು. ಮಂಗಳ ಊಟ ಮಾಡಿದ್ದಾಳೋ ಇಲ್ಲವೋ ಎಂದಳು. ಹೆಂಗಸರು "ಉಘೇ, ಉಘೇ" ಎಂದು ಕೂಗಿದರು. ನಾನು ಬೆತ್ತ ಎತ್ತಿ ಹಿಡಿದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ನೋಡಿದೆಯಾ, ಬಸ್ಸು ಹತ್ತಿದ್ದರೆ ಇದು ಸಿಗುತ್ತಿತ್ತಾ ಎಂದು ಅವಳ ಕಿವಿಯ ಹತ್ತಿರ ಹೇಳಿದೆ.

ಮಾರನೆಯ ಬೆಳಿಗ್ಗೆ ಅವಳ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕೈಕಾಲು ತಣ್ಣಗೆ. ಜಲ್ಲಿ ತುಂಬುವ ಒಂದು ಲಾರಿಯನ್ನು ಅಡ್ಡಗಟ್ಟಿದೆವು. ಬೆತ್ತವನ್ನು ನಂಜಪ್ಪಣ್ಣನ ಕೈಗೆ ಕೊಟ್ಟೆ. "ಜ್ಞಾನ ಇಲ್ಲದೋರ ಮೇಲೆ ಕಟ್ಟಳೆ ಇಲ್ಲ ಕಣಪ್ಪ, ಬೆತ್ತ ನಿನ್ದೇ" ಎಂದು ಅವರು ಸಮಾಧಾನ ಹೇಳಿದರು. ಅವಳಿಗೆ ಜ್ಞಾನ ತಪ್ಪಿದೆ ಎಂದು ಎಲ್ಲರಿಗೂ ಹೇಳಿದವನು ನಾನು. ಜ್ಞಾನವಿತ್ತು. ಲಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು, ಗಾಡಿ ಹೊರಟಾಗ ಕಣ್ಣು ಬಿಟ್ಟು, "ಈಗ ಹತ್ಸಿದ್ರಲ್ಲ" ಎಂದಳು. ಬೈಯುವ ದನಿಯೂ ಅಲ್ಲ ಅದು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ನೋವು ಯಾವಾಗಲಾದರೂ ಇದ್ದಕ್ಕಿದ್ದಂತೆ ನಿಂತಿತ್ತೇ ಎಂದು ಕೇಳಿದರು. ನಾನು — ಎಂಥ ಮೂರ್ಖ ನಾನು — ಆಸೆಯಿಂದ, ಹೌದು ಸಾರ್, ಮಾದಪ್ಪನೇ ನಿಲ್ಲಿಸಿದ ಎಂದೆ. "ಅಪೆಂಡಿಕ್ಸ್ ಒಡೆದಾಗ ನೋವು ನಿಲ್ಲುತ್ತೆ. ಆಗಲೇ ಒಡೆದದ್ದು. ಅದಕ್ಕೆ ಮುಂಚೆ ತಂದಿದ್ರೆ ಸಣ್ಣ ಆಪರೇಷನ್ನು" ಎಂದರು. ನಾನು ಬೆತ್ತ ಎತ್ತಿ ಉಘೇ ಎಂದು ಕೂಗಿದ್ದು ನನ್ನ ಹೆಂಡತಿಯ ಸಾವಿಗೆ. ಅವಳು ಅದೇ ದಿನ ಹೋದಳು.

ಗುಬ್ಬಿಯಲ್ಲಿ ಅವಳನ್ನು ಮಣ್ಣಿಗಿಡುವ ಮುಂಚೆ ನನ್ನ ಅತ್ತೆ ಕೇಳಿದರು, "ಯಾಕಪ್ಪಾ ಬಸ್ ಹತ್ಸಲಿಲ್ಲ? ಕುಣಿಗಲ್ಲಲ್ಲಿ ಬಸ್ಸಿರಲಿಲ್ವಾ?" ಜನವೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. ಆಗ ಬಂತು ಆ ಮಾತು. ಮೊದಲೇ ಯೋಚಿಸಿಟ್ಟುಕೊಂಡಿದ್ದೆನೋ, ಆ ಕ್ಷಣಕ್ಕೆ ಬಾಯಿಗೆ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. "ನಾನು ಹತ್ತು ಅಂತ ಎಷ್ಟು ಹೇಳಿದೆ ಅತ್ತೆ. ಅವ್ಳೇ ಒಪ್ಪಲಿಲ್ಲ. ಹರಕೆ ಮುರಿಯಲ್ಲ ಅಂದ್ಲು." ಅತ್ತೆ ಅಳುವುದನ್ನು ನಿಲ್ಲಿಸಿದರು. ತಲೆ ಸ್ವಲ್ಪ ಮೇಲಕ್ಕೆ ಬಂತು. ನನ್ನ ಮಗಳು ಅಂಥವಳೇ ಎಂದರು. ಮುದುಕಿಗೆ ಸಮಾಧಾನವಾಗಲಿ ಎಂದು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಸಮಾಧಾನಗೊಂಡದ್ದು ಆಮೇಲೆ. ನಾನು ಹೇಳಿದ್ದು ನನ್ನ ತಲೆ ಉಳಿಸಿಕೊಳ್ಳುವುದಕ್ಕೆ.

ಮುಂದಿನ ಶಿವರಾತ್ರಿಗೆ ತಂಡದವರು ಹುಣಸೆಮರದ ಕೆಳಗೆ ಕಲ್ಲು ನೆಟ್ಟರು. ಬೆತ್ತ ನನ್ನ ಮನೆಯಲ್ಲೇ ಶಾಶ್ವತವಾಗಿ ಉಳಿಯಿತು. ಅಂಥ ಹೆಣ್ಣಿನ ಮನೆ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು ಎಂದರು. ನಾನು ಬೇಡ ಎನ್ನಲಿಲ್ಲ. ವರ್ಷ ವರ್ಷವೂ ಅದನ್ನು ಹಿಡಿದು ಮುಂದೆ ನಡೆದೆ. ಕಲ್ಲಿನ ಹತ್ತಿರ ಕತೆ ಹೇಳುವಾಗ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ತಲೆ ತಗ್ಗಿಸಿಕೊಂಡು ನಿಂತರೆ, ಪಾಪ, ಇನ್ನೂ ದುಃಖ ಆರಿಲ್ಲ ಎನ್ನುತ್ತಿದ್ದರು.

ಒಮ್ಮೆ ಆ ಸೋಡಾ ಅಂಗಡಿಯ ಸಾಬರು ಶಿರಾ ಗೇಟಿಗೆ ಬಂದಿದ್ದರು, ಯಾರದೋ ಮದುವೆಗೆ. ನನ್ನ ಶಾಪಿನ ಮುಂದೆ ಹೋಗುತ್ತಿದ್ದವರು ನಿಂತರು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅವರಿಗೂ ಸಿಕ್ಕಿತು. ಮುಖ ಅರಳಿಸಿಕೊಂಡು ಒಳಗೆ ಬಂದು, "ಸ್ವಾಮಿ, ಅವತ್ತು ನಿಮ್ ಯಮ್ಮಂಗೆ ಹೊಟ್ಟೆನೋವು ಬಂದಿತ್ತಲ್ಲ, ಹುಷಾರಾದ್ರಾ? ನಮ್ಮನೇಲಿ ಈಗ್ಲೂ ಕೇಳ್ತಾ ಇರ್ತಾರೆ" ಎಂದರು.

"ಚೆನ್ನಾಗವ್ಳೆ" ಎಂದೆ.

ಅವರು ಕಣ್ಣು ಮುಚ್ಚಿ ದೇವರನ್ನು ನೆನೆದರು. ಟೀ ತರಿಸಿಕೊಟ್ಟೆ, ಕುಡಿದು ಹೋದರು. ಊರಿಗೆಲ್ಲ ಅವಳನ್ನು ದೇವರು ಮಾಡಿದವನು, ನಿಜ ಗೊತ್ತಿದ್ದ ಒಬ್ಬ ಮನುಷ್ಯನಿಗೆ ಅವಳನ್ನು ಬದುಕಿಸಿ ತೋರಿಸಿದೆ. ಅವತ್ತು ಶಾಪು ಬೇಗ ಮುಚ್ಚಿದೆ. ಅಷ್ಟೇ ಮಾಡಿದ್ದು.

ಇಲ್ಲಿಗೇ ನಿಂತಿದ್ದರೆ ಇದು ನನ್ನೊಬ್ಬನ ಪಾಪವಾಗಿ ನನ್ನೊಡನೆ ಮಣ್ಣಾಗುತ್ತಿತ್ತೇನೋ. ಆದರೆ ಮಂಗಳ ಆ ಕತೆ ಕೇಳುತ್ತಲೇ ಬೆಳೆದಳು. ಜ್ವರ ಬಂದರೆ ಹೇಳುತ್ತಿರಲಿಲ್ಲ, ಮುಳ್ಳು ಚುಚ್ಚಿದರೆ ಅಳುತ್ತಿರಲಿಲ್ಲ. ಅಜ್ಜಿ ಅದನ್ನು ನೋಡಿ ಹಿಗ್ಗುತ್ತಿದ್ದರು. ಸಿ.ಎಸ್. ಪುರಕ್ಕೆ ಮದುವೆ ಮಾಡಿಕೊಟ್ಟೆ. ಬಹಳ ದಿನ ಕಾದು ಹೋದ ವರ್ಷ ಬಸುರಾದಳು. ತಂಡ ಸಿ.ಎಸ್. ಪುರಕ್ಕೆ ಬಂದಾಗ ಅವಳೂ ಬರಿಗಾಲಲ್ಲಿ ಬಂದು ಸೇರಿಕೊಂಡಳು. ಬೆಟ್ಟದವರೆಗೆ ಬರುವುದಿಲ್ಲ, ಅಮ್ಮನ ಕಲ್ಲಿನವರೆಗೆ ನಡೆದು ಮಡಿಲು ತುಂಬಿಸಿಕೊಂಡು ವಾಪಸು ಹೋಗುತ್ತೇನೆ ಎಂದಳು. ಗಂಡನ ಮನೆಯವರು ಬೇಡವೆಂದರೂ ಕೇಳಲಿಲ್ಲವಂತೆ. ಅಮ್ಮನ ಹೆಸರು ಹೇಳಿದ ಮೇಲೆ ಅವರೂ ಸುಮ್ಮನಾದರಂತೆ.

ಕುಣಿಗಲ್ಲಿಗೆ ಬರುವಷ್ಟರಲ್ಲಿ ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಲ್ಲುತ್ತ ನಿಲ್ಲುತ್ತ ನಡೆಯುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಆ ಮುಖ ನನಗೆ ಗೊತ್ತಿತ್ತು. ನಾನು ಓಡಿ ಹೋಗಿ, ಬೆತ್ತ ಹಾಳಾಗಿ ಹೋಗಲಿ, ಬಸ್ ಹತ್ತವ್ವ ಎಂದೆ. ನಿಜವಾಗಿ ಹೇಳಿದೆ, ಈ ಸಲ. ಅವಳು ನನ್ನ ಮುಖ ನೋಡಿ ನಕ್ಕಳು.

"ಅಮ್ಮಂಗೂ ಹಿಂಗೇ ಹೇಳಿದ್ಯಲ್ಲ ಅಪ್ಪ. ಅವ್ಳು ಹತ್ತಿದ್ಲಾ?"

ಸುತ್ತ ನಿಂತಿದ್ದವರೆಲ್ಲ ಗಿರಿಜಮ್ಮನ ಮಗಳಲ್ಲವೇ ಎಂದು ಹೆಮ್ಮೆ ಪಟ್ಟರು. ಒಂದು ಮಾತು ಸಾಕಿತ್ತು. ನಿನ್ನಮ್ಮ ಹತ್ತಲು ಎದ್ದಿದ್ದಳು, ನಾನು ಎಳೆದುಕೊಂಡೆ ಎಂದರೆ ಅವಳು ಬಸ್ಸು ಹತ್ತುತ್ತಿದ್ದಳು. ಬಾಯಿ ತೆರೆದೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ. ಹೆಂಡತಿಯ ವಿಷಯದಲ್ಲಿ ನನಗೆ ತಿಳಿದಿರಲಿಲ್ಲ ಎಂದಾದರೂ ಅನ್ನಬಹುದು. ಮಗಳ ವಿಷಯದಲ್ಲಿ ಎಲ್ಲ ತಿಳಿದಿತ್ತು.

ಕಲ್ಲು ಇನ್ನೂ ದೂರವಿರುವಾಗಲೇ ರಕ್ತ ಕಂಡಿತು. ಮಗು ಉಳಿಯಲಿಲ್ಲ. ಮತ್ತೆ ಬಸುರಾಗುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ.

ಆಮೇಲೆ ನಾನು ನಂಜಪ್ಪಣ್ಣನ ಹತ್ತಿರ ಹೋದೆ. ಈಗ ಹಾಸಿಗೆ ಹಿಡಿದಿದ್ದಾರೆ. ಮಗಳಿಗಿಂತ ಮೊದಲು ಅವರ ಹತ್ತಿರ ಹೋದದ್ದು ಕೂಡ ಹೇಡಿತನವೇ. ಎಲ್ಲ ಹೇಳಿದೆ. ಅವರು ಸೂರು ನೋಡುತ್ತಲೇ, "ಬುಡಪ್ಪ. ಇಷ್ಟು ವರ್ಷ ಜನ ನಂಬವ್ರೆ. ಈಗ ಕಲ್ಲು ಕೀಳ್ತೀಯಾ? ಯಾರ್ಗೂ ಹೇಳ್ಬೇಡ" ಎಂದರು. ನನಗೆ ಎಷ್ಟು ಹಗುರವಾಯಿತು ಗೊತ್ತೇ? ಹಿರಿಯರೇ ಬೇಡವೆಂದರಲ್ಲ ಎಂದು ಸಂತೋಷದಿಂದ ಎದ್ದು ಬಂದೆ. ಆ ಸಂತೋಷವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಎಂಥವನೆಂದು ತಿಳಿಯಲಿ.

ಅದೇ ಹಗುರದಲ್ಲಿ ಮಗಳನ್ನು ನೋಡಲು ಸಿ.ಎಸ್. ಪುರಕ್ಕೆ ಹೋದೆ. ಮಂಗಳ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಏನೋ ಅಪರಾಧ ಮಾಡಿದವಳ ಹಾಗೆ ತಲೆ ತಗ್ಗಿಸಿ, "ಅಮ್ಮನಷ್ಟು ಗಟ್ಟಿ ಅಲ್ಲ ಅಪ್ಪ ನಾನು. ಅವ್ಳ ಹೆಸರು ಉಳಿಸಕ್ಕಾಗಲಿಲ್ಲ, ತಪ್ಪಾಯ್ತು" ಎಂದಳು.

ತಪ್ಪಾಯ್ತು ಎಂದು ಅವಳು ನನ್ನನ್ನು ಕೇಳಿಕೊಂಡಳು. ನನ್ನನ್ನು.

ಆಗ ಹೇಳಿದೆ. ಕೂತುಕೊಳ್ಳಲೂ ಇಲ್ಲ, ನಿಂತೇ ಹೇಳಿದೆ. ಸ್ಟೂಲು, ಬಸ್ಸು, ಅವಳಿಟ್ಟ ಎರಡು ಹೆಜ್ಜೆ, ನಾನು ಹಿಡಿದ ರಟ್ಟೆ. ಅಮ್ಮ ಏನಂದಳು, ಅವಳು ಅಂದ ಹಾಗೆಯೇ ಹೇಳು ಎಂದಳು ಮಂಗಳ. ಅವಳು ಅಂದ ಹಾಗೆಯೇ ಹೇಳಿದೆ, ದಮ್ಮಯ್ಯ ಅಂದದ್ದನ್ನೂ ಬಿಡದೆ.

ಬೆತ್ತವನ್ನು ನಂಜಪ್ಪಣ್ಣನ ಮನೆಯಲ್ಲಿ ಇಟ್ಟು ಬಂದಿದ್ದೇನೆ. ಬರುವ ಶಿವರಾತ್ರಿಗೆ ತಂಡ ಬರುವ ಮುಂಚೆಯೇ ಹೋಗಿ ಕಲ್ಲಿನ ಹತ್ತಿರ ನಿಲ್ಲುತ್ತೇನೆ, ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ನಂಬದಿರಬಹುದು, ಮುದುಕನಿಗೆ ತಲೆ ಕೆಟ್ಟಿದೆ ಎನ್ನಬಹುದು, ಹೊಡೆಯಲೂಬಹುದು. ಅದರಿಂದ ಏನೂ ವಾಪಸು ಬರುವುದಿಲ್ಲ. ಯಾರನ್ನೂ ನಾನು ಕ್ಷಮೆ ಕೇಳುತ್ತಿಲ್ಲ.

ಮಗಳು ಅವತ್ತು ಹೇಳಿದ್ದನ್ನು ಬರೆದು ಮುಗಿಸುತ್ತೇನೆ. ಎಲ್ಲ ಕೇಳಿದ ಮೇಲೆ ಅವಳು ಅಳಲಿಲ್ಲ. ಬರಿದಾದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ನಂಗೂ ಬಸ್ ಹತ್ತಬೇಕು ಅಂತ ತುಂಬಾ ಆಸೆ ಆಗಿತ್ತು ಅಪ್ಪ. ಅಮ್ಮಂಗೆ ಅವಮಾನ ಆಗತ್ತೆ ಅಂತ ಹತ್ತಲಿಲ್ಲ."